ಮತ ಗುಪ್ತ, ಅಭಿಪ್ರಾಯ ಬಹಿರಂಗ: ರಾಜಕೀಯ ನಿಲುವಿಗಾಗಿ ಖಾಸಗಿ ಮಾಲೀಕ ಕೆಲಸ ಕಿತ್ತುಕೊಳ್ಳಬಹುದೇ?

ಮತಗಟ್ಟೆಯಲ್ಲಿ ನಾವು ಮತ ಹಾಕುವ ಜಾಗದ ಸುತ್ತ ಒಂದು ಮರೆ ಇರುತ್ತದೆ. ಅದು ಯಾರ ಕಣ್ಣಿಗೆ ಅಡ್ಡವಾಗಿ ಬಂದದ್ದು ಎಂದು ಕೇಳಿದರೆ ಹೆಚ್ಚಿನವರು ಸರ್ಕಾರದ ಕಣ್ಣಿಗೆ ಎನ್ನುತ್ತಾರೆ. ಅದರ ಹುಟ್ಟಿನ ಕತೆಯನ್ನು ಓದಿದರೆ ಬೇರೆ ಇಬ್ಬರು ಎದುರಾಗುತ್ತಾರೆ: ಹೊಲವನ್ನು ಗೇಣಿಗೆ ಕೊಡುವ ಭೂಮಾಲೀಕ ಮತ್ತು ಕೂಲಿ ಕೊಡುವ ಧಣಿ. ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಮತದಾರ ತನ್ನ ಅಭ್ಯರ್ಥಿಯ ಹೆಸರನ್ನು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕಿತ್ತು. ಯಾರು ಯಾರಿಗೆ ಮತ ಕೊಟ್ಟರು ಎಂಬುದು ಪುಸ್ತಕದಲ್ಲಿ ದಾಖಲಾಗುತ್ತಿತ್ತು. 1868ರ ಚುನಾವಣೆಯ ನಂತರ ವೇಲ್ಸ್‌ನಲ್ಲಿ ಭೂಮಾಲೀಕರ ಇಷ್ಟಕ್ಕೆ ವಿರುದ್ಧವಾಗಿ ಮತ ಹಾಕಿದ ಗೇಣಿದಾರರು ಒಕ್ಕಲೆಬ್ಬಿಸಲ್ಪಟ್ಟರು. ಆಸ್ಟ್ರೇಲಿಯಾದ ವಿಕ್ಟೋರಿಯಾ ಮತ್ತು ಸೌತ್ ಆಸ್ಟ್ರೇಲಿಯಾ ವಸಾಹತುಗಳು 1856ರಲ್ಲೇ ತಂದಿದ್ದ ಗುಪ್ತ ಮತದಾನವನ್ನು ಬ್ರಿಟನ್ 1872ರಲ್ಲಿ ಒಪ್ಪಿಕೊಂಡಿತು. 1888ರಿಂದ ಮುಂದೆ ಅಮೆರಿಕದ ರಾಜ್ಯಗಳೂ ಒಂದೊಂದಾಗಿ ಅದೇ ದಾರಿ ಹಿಡಿದವು.

ಅನ್ನ ಕೊಡುವ ಕೈ ಮತವನ್ನೂ ಹಿಡಿದು ನಡೆಸಬಾರದು ಎಂಬುದೇ ಆ ಮರೆಯ ಹಿಂದಿನ ವಿಚಾರ. ಆದರೆ ಮರೆ ಮುಚ್ಚಿದ್ದು ಮತವನ್ನು ಮಾತ್ರ. ಮನುಷ್ಯನ ರಾಜಕೀಯ ಅವನು ಸೇರುವ ಸಭೆಯಲ್ಲಿ, ಕೊಡುವ ದೇಣಿಗೆಯಲ್ಲಿ, ಮನೆಯ ಮೇಲೆ ಹಾರಿಸುವ ಬಾವುಟದಲ್ಲಿ, ಈಗಂತೂ ಮೊಬೈಲ್‌ನಲ್ಲಿ ಬರೆಯುವ ಎರಡು ಸಾಲಿನಲ್ಲಿ ಹೊರಗೆ ಕಾಣುತ್ತದೆ. ಹೀಗೆ ಹೊರಬಿದ್ದ ಅಭಿಪ್ರಾಯಕ್ಕೆ ಖಾಸಗಿ ಮಾಲೀಕ ಶಿಕ್ಷೆ ಕೊಟ್ಟರೆ ಕಾನೂನು ಏನು ಮಾಡುತ್ತದೆ? ಉತ್ತರ ದೇಶದಿಂದ ದೇಶಕ್ಕೆ ಬೇರೆ. ಒಂದೇ ದೇಶದೊಳಗೂ ಬೇರೆ. ಬಹಳ ಕಡೆ ಆ ಉತ್ತರ ಜನರು ಅಂದುಕೊಂಡಿರುವುದಕ್ಕಿಂತ ದುರ್ಬಲವಾಗಿದೆ.

ಸಂವಿಧಾನ ತಡೆಯುವುದು ಯಾರನ್ನು?

2017ರ ಅಕ್ಟೋಬರ್‌ನಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಜೂಲಿ ಬ್ರಿಸ್ಕ್‌ಮನ್ ಎಂಬ ಮಹಿಳೆ ರಜಾದಿನದಂದು ಸೈಕಲ್ ತುಳಿಯುತ್ತಿದ್ದರು. ಪಕ್ಕದಲ್ಲಿ ಅಧ್ಯಕ್ಷ ಟ್ರಂಪ್ ಅವರ ಕಾರುಗಳ ಸಾಲು ಹಾದುಹೋಯಿತು. ಬ್ರಿಸ್ಕ್‌ಮನ್ ಅದರತ್ತ ನಡುಬೆರಳು ತೋರಿಸಿದರು. ಆ ಕ್ಷಣದ ಛಾಯಾಚಿತ್ರ ಜಗತ್ತಿನಾದ್ಯಂತ ಹರಿದಾಡಿತು. ಚಿತ್ರದಲ್ಲಿ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಅದು ತಾನೇ ಎಂದು ಉದ್ಯೋಗದಾತರಿಗೆ ಅವರೇ ತಿಳಿಸಿದರು. ಅವರು ಕೆಲಸ ಮಾಡುತ್ತಿದ್ದ ಸಂಸ್ಥೆ ಸರ್ಕಾರದ ಗುತ್ತಿಗೆಗಳನ್ನು ನಂಬಿಕೊಂಡಿತ್ತು. ಆ ಚಿತ್ರವನ್ನು ಅವರು ತಮ್ಮ ಸಾಮಾಜಿಕ ಜಾಲತಾಣದ ಖಾತೆಯಲ್ಲಿ ಹಾಕಿಕೊಂಡಿದ್ದು ನಿಯಮದ ಉಲ್ಲಂಘನೆ ಎಂದು ಅದು ಅವರನ್ನು ಹೊರಕಳಿಸಿತು. ಇದು ಕಾನೂನುಬಾಹಿರ ವಜಾ ಎಂಬ ಅವರ ವಾದವನ್ನು 2018ರಲ್ಲಿ ನ್ಯಾಯಾಲಯ ತಳ್ಳಿಹಾಕಿತು.

ವಾಕ್ ಸ್ವಾತಂತ್ರ್ಯಕ್ಕೆ ಅಷ್ಟು ಹೆಸರಾದ ದೇಶದಲ್ಲಿ ಹೀಗೇಕಾಯಿತು? ಅಮೆರಿಕ ಸಂವಿಧಾನದ ಮೊದಲ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರದ ಕೈಗಳನ್ನು. ಅದೇ ಬೆರಳಿಗಾಗಿ ಪೊಲೀಸರು ಅವರನ್ನು ಬಂಧಿಸಿದ್ದರೆ ಸಂವಿಧಾನ ಅಡ್ಡ ಬರುತ್ತಿತ್ತು. ಖಾಸಗಿ ಕಂಪನಿ ಸರ್ಕಾರವಲ್ಲ, ಹಾಗಾಗಿ ಆ ತಿದ್ದುಪಡಿ ಅದನ್ನು ಮುಟ್ಟುವುದೇ ಇಲ್ಲ. ಇದರ ಜೊತೆಗೆ ಅಲ್ಲಿನ ಉದ್ಯೋಗ ಕಾನೂನಿನ ಮೂಲ ನಿಯಮವನ್ನೂ ತಿಳಿಯಬೇಕು: ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ ಮಾಲೀಕ ಯಾವಾಗ ಬೇಕಾದರೂ, ಕಾರಣ ಹೇಳದೆಯೂ ನೌಕರನನ್ನು ತೆಗೆಯಬಹುದು. ಕಾನೂನು ನಿರ್ದಿಷ್ಟವಾಗಿ ನಿಷೇಧಿಸಿದ ಕಾರಣಗಳಿಗೆ ಮಾತ್ರ ತೆಗೆಯುವಂತಿಲ್ಲ. 1964ರ ನಾಗರಿಕ ಹಕ್ಕುಗಳ ಕಾಯ್ದೆ ಉದ್ಯೋಗದ ವಿಷಯದಲ್ಲಿ ಜನಾಂಗ, ಬಣ್ಣ, ಧರ್ಮ, ಲಿಂಗ, ರಾಷ್ಟ್ರೀಯ ಮೂಲ ಎಂಬ ಐದನ್ನು ಹೆಸರಿಸಿತು. ರಾಜಕೀಯ ಆ ಪಟ್ಟಿಯಲ್ಲಿಲ್ಲ. 1935ರ ಕಾರ್ಮಿಕ ಸಂಬಂಧಗಳ ಕಾಯ್ದೆ ಕೂಲಿ ಮತ್ತು ಕೆಲಸದ ಸ್ಥಿತಿಗತಿಯ ಬಗ್ಗೆ ಸಹೋದ್ಯೋಗಿಗಳು ಒಟ್ಟಾಗಿ ಎತ್ತುವ ದನಿಯನ್ನು ಕಾಯುತ್ತದೆ. ಒಬ್ಬಂಟಿಯಾಗಿ ರಸ್ತೆಯಲ್ಲಿ ತೋರಿದ ಬೆರಳಿಗೆ ಅದು ಆಸರೆಯಾಗುವುದಿಲ್ಲ.

ಅಲ್ಲಿನ ಸರ್ಕಾರಿ ನೌಕರನ ಸ್ಥಿತಿ ಇದಕ್ಕಿಂತ ಉತ್ತಮ. ಚುನಾವಣೆಯಲ್ಲಿ ಗೆದ್ದ ಪಕ್ಷ ಹಳೆಯ ಪಕ್ಷದ ಬೆಂಬಲಿಗರನ್ನು ಸಾಮಾನ್ಯ ಹುದ್ದೆಗಳಿಂದ ಕಿತ್ತುಹಾಕುವಂತಿಲ್ಲ ಎಂದು 1976 ಮತ್ತು 1980ರ ಎರಡು ತೀರ್ಪುಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೀಗೆ ಒಂದೇ ಬೀದಿಯಲ್ಲಿ ವಾಸಿಸುವ ಇಬ್ಬರು ಒಂದೇ ಮಾತು ಆಡಿದರೆ, ಪುರಸಭೆಯ ಗುಮಾಸ್ತನಿಗೆ ಇರುವ ಗುರಾಣಿ ಗೋದಾಮಿನ ಗುಮಾಸ್ತನಿಗೆ ಇರುವುದಿಲ್ಲ.

ಈ ಅಂತರವನ್ನು ಸರ್ಕಾರ ತನಗೆ ಅನುಕೂಲವಾಗಿಯೂ ಬಳಸಿಕೊಳ್ಳಬಹುದು. ಅದಕ್ಕೇ ಇದು ನೌಕರ ಮತ್ತು ಮಾಲೀಕರ ನಡುವಿನ ಖಾಸಗಿ ಜಗಳವಲ್ಲ ಎಂದು ನಾನು ನಂಬುತ್ತೇನೆ. 1947ರ ನವೆಂಬರ್‌ನಲ್ಲಿ ಹಾಲಿವುಡ್‌ನ ಹತ್ತು ಮಂದಿ ಬರಹಗಾರರು ಮತ್ತು ನಿರ್ದೇಶಕರು ತಾವು ಕಮ್ಯುನಿಸ್ಟರೇ ಎಂಬ ಪ್ರಶ್ನೆಗೆ ಉತ್ತರಿಸಲು ನಿರಾಕರಿಸಿದ್ದಕ್ಕೆ ಅಮೆರಿಕದ ಸಂಸತ್ತು ಅವರ ಮೇಲೆ ಸದನ ನಿಂದನೆಯ ಆರೋಪ ಹೊರಿಸಿತು. ಮರುದಿನವೇ ದೊಡ್ಡ ಸ್ಟುಡಿಯೋಗಳ ಮುಖ್ಯಸ್ಥರು ಈ ಹತ್ತು ಮಂದಿಗೆ ಕೆಲಸ ಕೊಡುವುದಿಲ್ಲ ಎಂದು ಘೋಷಿಸಿದರು. ನಂತರದ ವರ್ಷಗಳಲ್ಲಿ ಕಪ್ಪುಪಟ್ಟಿ ಉದ್ದವಾಗುತ್ತ ಹೋಯಿತು. ಇಂಥವರಿಗೆ ಕೆಲಸ ಕೊಡಕೂಡದು ಎಂಬ ಕಾಯ್ದೆಯನ್ನು ಯಾರೂ ಮಾಡಿರಲಿಲ್ಲ, ಮಾಡುವ ಅಗತ್ಯವೂ ಬೀಳಲಿಲ್ಲ. ಸಂವಿಧಾನದ ಕೆಳಗೆ ಸರ್ಕಾರ ನೇರವಾಗಿ ಮಾಡಲಾಗದ ಕೆಲಸವನ್ನು ಹೆದರಿದ ಮಾಲೀಕರು ಮಾಡಿ ಮುಗಿಸಿದರು.

ಮೂರು ಪದಗಳು, ಮೂರು ಅಳತೆಯ ಆಸರೆ

ಫೆಡರಲ್ ಕಾನೂನು ಸುಮ್ಮನಿರುವಲ್ಲಿ ಅಮೆರಿಕದ ಕೆಲವು ರಾಜ್ಯಗಳು ತಾವೇ ಕಾನೂನು ಮಾಡಿಕೊಂಡಿವೆ. ಇವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಏಕೆಂದರೆ ‘ರಾಜಕೀಯ ತಾರತಮ್ಯ’ ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದು ಕಾನೂನಿನ ಭಾಷೆಯಲ್ಲಿ ಒಂದೇ ವಿಷಯವಲ್ಲ. ಪಕ್ಷದೊಂದಿಗಿನ ನಂಟು, ರಾಜಕೀಯ ಚಟುವಟಿಕೆ, ರಾಜಕೀಯ ಅಭಿಪ್ರಾಯ ಎಂಬ ಮೂರು ಬೇರೆ ಬೇರೆ ಪದಗಳು ಕಾಯ್ದೆಗಳಲ್ಲಿ ಬರುತ್ತವೆ. ಯಾವ ಪದವನ್ನು ಆರಿಸಿದ್ದಾರೆ ಎಂಬುದರ ಮೇಲೆ ನೌಕರನ ಹಣೆಬರಹ ನಿಂತಿರುತ್ತದೆ.

ರಾಜಧಾನಿ ವಾಷಿಂಗ್ಟನ್ನಿನ ಮಾನವ ಹಕ್ಕುಗಳ ಕಾಯ್ದೆ ರಕ್ಷಿಸುವುದು ನಂಟನ್ನು. ಒಂದು ರಾಜಕೀಯ ಪಕ್ಷಕ್ಕೆ ಸೇರಿರುವುದು ಅಥವಾ ಅದನ್ನು ಬೆಂಬಲಿಸುವುದು ಎಂದು ಅದರ ವ್ಯಾಖ್ಯಾನ. ಯಾವ ಪಕ್ಷಕ್ಕೂ ಸೇರದೆ ಒಂದು ಯುದ್ಧವನ್ನೋ ಒಂದು ತೆರಿಗೆಯನ್ನೋ ವಿರೋಧಿಸಿದವನಿಗೆ ಈ ಕೊಡೆಯ ಕೆಳಗೆ ಜಾಗ ಸಿಗುವುದು ಕಷ್ಟ. ನ್ಯೂಯಾರ್ಕ್ ರಾಜ್ಯ ರಕ್ಷಿಸುವುದು ಚಟುವಟಿಕೆಯನ್ನು. ಅದೂ ಕೆಲಸದ ಅವಧಿಯ ಹೊರಗೆ, ಕೆಲಸದ ಸ್ಥಳದ ಹೊರಗೆ, ಮಾಲೀಕನ ಉಪಕರಣ ಬಳಸದೆ, ಕಾನೂನಿಗೆ ಒಳಪಟ್ಟು ಮಾಡಿದ್ದಾಗಿರಬೇಕು. ಚಟುವಟಿಕೆ ಎಂದರೆ ಅಲ್ಲಿ ಚುನಾವಣೆಗೆ ನಿಲ್ಲುವುದು, ಅಭ್ಯರ್ಥಿಯ ಪರ ಪ್ರಚಾರ ಮಾಡುವುದು, ಪಕ್ಷಕ್ಕೆ ಅಥವಾ ಅಭ್ಯರ್ಥಿಗೆ ನಿಧಿ ಸಂಗ್ರಹಿಸುವುದು. ಇದರಿಂದ ಒಂದು ವಿಚಿತ್ರ ಹುಟ್ಟುತ್ತದೆ: ಭಾನುವಾರ ಮನೆಮನೆಗೆ ಕರಪತ್ರ ಹಂಚಿದವನಿಗೆ ರಕ್ಷಣೆಯಿದೆ, ಅದೇ ಭಾನುವಾರ ಮನೆಯಲ್ಲಿ ಕುಳಿತು ತನ್ನ ಅಭಿಪ್ರಾಯ ಬರೆದವನಿಗೆ ಇದೆಯೋ ಇಲ್ಲವೋ ಎಂದು ವಕೀಲರು ವಾದಿಸಬೇಕಾಗುತ್ತದೆ.

ಕ್ಯಾಲಿಫೋರ್ನಿಯಾದ ಕಾರ್ಮಿಕ ಸಂಹಿತೆಯ 1101 ಮತ್ತು 1102ನೇ ಸೆಕ್ಷನ್‌ಗಳು ಇನ್ನೂ ವಿಶಾಲ. ನೌಕರರ ರಾಜಕೀಯ ಚಟುವಟಿಕೆಯನ್ನು ನಿಯಂತ್ರಿಸುವ ನಿಯಮವನ್ನು ಮಾಲೀಕ ಮಾಡುವಂತಿಲ್ಲ, ಕೆಲಸ ಕಳೆದುಕೊಳ್ಳುವ ಬೆದರಿಕೆಯಿಂದ ಅವರನ್ನು ಒಂದು ರಾಜಕೀಯ ದಾರಿಗೆ ತಳ್ಳುವಂತಿಲ್ಲ. ಒಂದು ಆಶಯಕ್ಕಾಗಿ ಜನರನ್ನು ಸಂಘಟಿಸುವುದೂ ರಾಜಕೀಯ ಚಟುವಟಿಕೆಯೇ ಎಂದು ಆ ರಾಜ್ಯದ ಸರ್ವೋಚ್ಚ ನ್ಯಾಯಪೀಠ 1979ರಲ್ಲಿ ಅರ್ಥೈಸಿ, ಸಲಿಂಗಪ್ರೇಮಿಗಳ ಹಕ್ಕುಗಳ ಹೋರಾಟವನ್ನೂ ಅದರೊಳಗೆ ಸೇರಿಸಿತು. ಕನೆಕ್ಟಿಕಟ್ ಬೇರೆಯೇ ದಾರಿ ಹಿಡಿದಿದೆ. ಸಂವಿಧಾನದ ವಾಕ್ ಸ್ವಾತಂತ್ರ್ಯವನ್ನೇ ಖಾಸಗಿ ನೌಕರನವರೆಗೆ ಚಾಚಿ, ಆ ಮಾತು ಅವನ ಕೆಲಸಕ್ಕೆ ಅಥವಾ ಮಾಲೀಕನೊಂದಿಗಿನ ಕೆಲಸದ ಸಂಬಂಧಕ್ಕೆ ಗಣನೀಯ ಅಡ್ಡಿ ಮಾಡಬಾರದು ಎಂಬ ಷರತ್ತು ಹಾಕಿದೆ. ನನಗೆ ಇವುಗಳಲ್ಲಿ ಹೆಚ್ಚು ಪ್ರಾಮಾಣಿಕವಾಗಿ ಕಾಣುವುದು ಈ ಕೊನೆಯದು. ಮಾತು ಮಾಲೀಕನಿಗೆ ಹಿಡಿಸಿತೋ ಇಲ್ಲವೋ ಎಂದು ಅದು ಕೇಳುವುದಿಲ್ಲ. ಕೆಲಸ ಕೆಟ್ಟಿತೋ ಇಲ್ಲವೋ ಎಂದು ಕೇಳುತ್ತದೆ.

ಬಸ್ ಚಾಲಕನ ಪ್ರಕರಣ

ಈ ವಿಷಯದ ಬಗ್ಗೆ ಯಾರು ಮಾತಾಡಿದರೂ ನಾನು ಅವರ ಮುಂದಿಡುವ ಪ್ರಕರಣ ಬ್ರಿಟನ್ನಿನ ರೆಡ್‌ಫರ್ನ್ ಅವರದು. ನಮಗೆ ಇಷ್ಟವಾಗುವ ನಿಲುವಿನವನ ಹಕ್ಕನ್ನು ಎತ್ತಿಹಿಡಿಯುವುದು ಸುಲಭ. ಇವರ ಪ್ರಕರಣ ಅಂಥದ್ದಲ್ಲ.

ಬ್ರಾಡ್‌ಫರ್ಡ್‌ನಲ್ಲಿ ಒಂದು ಖಾಸಗಿ ಸಂಸ್ಥೆ ಸ್ಥಳೀಯ ಆಡಳಿತದ ಪರವಾಗಿ ಅಂಗವಿಕಲ ಮಕ್ಕಳು ಮತ್ತು ದೊಡ್ಡವರನ್ನು ಕರೆದೊಯ್ಯುವ ಸಾರಿಗೆ ನಡೆಸುತ್ತಿತ್ತು. ಪ್ರಯಾಣಿಕರಲ್ಲಿ ಹೆಚ್ಚಿನವರು ಏಷ್ಯಾ ಮೂಲದವರು. ರೆಡ್‌ಫರ್ನ್ ಅಲ್ಲಿ ಚಾಲಕರಾಗಿದ್ದರು. ಅವರ ಕೆಲಸದ ಬಗ್ಗೆ ಒಂದು ದೂರೂ ಇರಲಿಲ್ಲ. ಏಷ್ಯಾ ಮೂಲದ ಅವರ ಮೇಲ್ವಿಚಾರಕರೇ ಅವರನ್ನು ಅತ್ಯುತ್ತಮ ನೌಕರನೆಂದು ಶಿಫಾರಸು ಮಾಡಿದ್ದರು. 2004ರಲ್ಲಿ ಅವರು ಬ್ರಿಟಿಷ್ ನ್ಯಾಷನಲ್ ಪಾರ್ಟಿಯಿಂದ ಸ್ಥಳೀಯ ಚುನಾವಣೆಗೆ ನಿಂತು ಗೆದ್ದರು. ಆಗ ಬಿಳಿಯರಿಗೆ ಮಾತ್ರ ಸದಸ್ಯತ್ವ ಕೊಡುತ್ತಿದ್ದ ಪಕ್ಷ ಅದು. ಪ್ರಯಾಣಿಕರು ಆತಂಕಪಡುತ್ತಾರೆ, ಸಂಸ್ಥೆಯ ಹೆಸರು ಕೆಡುತ್ತದೆ ಎಂಬ ಕಾರಣ ಕೊಟ್ಟು ಸಂಸ್ಥೆ ಅವರನ್ನು ವಜಾ ಮಾಡಿತು.

ಆಗಿನ ಬ್ರಿಟಿಷ್ ಕಾನೂನಿನಂತೆ ಅನ್ಯಾಯದ ವಜಾ ಎಂದು ದೂರಲು ಒಂದು ವರ್ಷದ ಸೇವೆ ಆಗಿರಬೇಕಿತ್ತು. ಅವರದು ಆಗಿರಲಿಲ್ಲ. ಜನಾಂಗ, ಲಿಂಗದಂಥ ಕಾರಣಗಳಿಗೆ ವಜಾ ಆದರೆ ಈ ಅವಧಿಯ ಷರತ್ತು ಇಲ್ಲ. ರಾಜಕೀಯಕ್ಕೆ ಆ ವಿನಾಯಿತಿ ಇರಲಿಲ್ಲ. ಬೇರೆ ಬಾಗಿಲಿಲ್ಲದೆ ಅವರು ಜನಾಂಗ ತಾರತಮ್ಯದ ದಾವೆ ಹೂಡಿ ಸೋತರು. ಕೊನೆಗೆ ಮೊಕದ್ದಮೆ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಯಿತು. 2012ರ ನವೆಂಬರ್‌ನಲ್ಲಿ ನಾಲ್ಕಕ್ಕೆ ಮೂರು ಮತಗಳಿಂದ ತೀರ್ಪು ಅವರ ಕಡೆ ಬಂತು.

ತೀರ್ಪು ಹೇಳಿದ್ದೇನು, ಹೇಳದೆ ಉಳಿಸಿದ್ದೇನು ಎಂಬುದನ್ನು ಬಿಡಿಸಿ ನೋಡಬೇಕು. ಅವರನ್ನು ತೆಗೆದದ್ದು ತಪ್ಪು ಎಂದು ನ್ಯಾಯಾಲಯ ಹೇಳಲಿಲ್ಲ. ಆ ಪಕ್ಷದ ವಿಚಾರಗಳಿಗೆ ಯಾವ ಮನ್ನಣೆಯನ್ನೂ ಕೊಡಲಿಲ್ಲ. ಒಬ್ಬ ಮನುಷ್ಯ ತನ್ನ ರಾಜಕೀಯ ಸದಸ್ಯತ್ವಕ್ಕಾಗಿ ಅನ್ನ ಕಳೆದುಕೊಂಡಾಗ ಅದು ನ್ಯಾಯವೋ ಅನ್ಯಾಯವೋ ಎಂದು ತೂಗಿ ನೋಡಲು ಒಂದು ನ್ಯಾಯಪೀಠವಾದರೂ ಇರಬೇಕು, ಹಾಗೆ ಕೇಳುವ ದಾರಿಯನ್ನು ಒದಗಿಸುವುದು ಸರ್ಕಾರದ ಹೊಣೆ ಎಂದಿತು. ಮಾಲೀಕ ಖಾಸಗಿಯವನಾದರೂ ಸರ್ಕಾರ ಕೈ ತೊಳೆದುಕೊಳ್ಳುವಂತಿಲ್ಲ. 2013ರಲ್ಲಿ ಬ್ರಿಟನ್ ಕಾನೂನು ತಿದ್ದಿತು: ವಜಾಕ್ಕೆ ರಾಜಕೀಯ ಅಭಿಪ್ರಾಯ ಅಥವಾ ಪಕ್ಷದ ನಂಟು ಮುಖ್ಯ ಕಾರಣವಾಗಿದ್ದರೆ, ನೌಕರ ಎಷ್ಟು ದಿನ ದುಡಿದಿದ್ದ ಎಂದು ನೋಡದೆ ದೂರು ಸ್ವೀಕರಿಸಬೇಕು. ಇದರಿಂದ ಬಾಗಿಲು ತೆರೆಯಿತು. ಒಳಗೆ ಹೋದವನು ಗೆಲ್ಲುತ್ತಾನೆ ಎಂದಲ್ಲ, ಮಾಲೀಕನ ಆತಂಕ ನಿಜವಾದದ್ದೇ ಎಂದು ಯಾರೋ ಒಬ್ಬರು ಪರೀಕ್ಷಿಸುತ್ತಾರೆ.

ಬ್ರಿಟನ್ನಿನಲ್ಲಿ ಇನ್ನೊಂದು ದಾರಿಯೂ ಇದೆ. ಸಮಾನತೆಯ ಕಾನೂನು ಧರ್ಮದ ಜೊತೆಗೆ ‘ತಾತ್ವಿಕ ನಂಬಿಕೆ’ಯನ್ನೂ ರಕ್ಷಿಸುತ್ತದೆ. 2009ರಲ್ಲಿ ಒಬ್ಬ ನೌಕರ, ಹವಾಮಾನ ಬದಲಾವಣೆಗೆ ಮನುಷ್ಯನೇ ಕಾರಣ ಎಂಬ ತನ್ನ ನಂಬಿಕೆ ಅಂಥದ್ದೇ ಎಂದು ವಾದಿಸಿ ಒಪ್ಪಿಸಿದ. ನಂಬಿಕೆ ಪ್ರಾಮಾಣಿಕವಾಗಿರಬೇಕು, ಸದ್ಯದ ಮಾಹಿತಿಯ ಮೇಲೆ ನಿಂತ ಬರಿಯ ಅಭಿಪ್ರಾಯಕ್ಕಿಂತ ಗಟ್ಟಿಯಾಗಿರಬೇಕು, ಬದುಕಿನ ಮಹತ್ವದ ವಿಷಯಕ್ಕೆ ಸಂಬಂಧಿಸಿರಬೇಕು, ಸುಸಂಬದ್ಧವಾಗಿರಬೇಕು, ಪ್ರಜಾಪ್ರಭುತ್ವದಲ್ಲಿ ಗೌರವಕ್ಕೆ ಅರ್ಹವಾಗಿರಬೇಕು ಎಂಬ ಐದು ಅಳತೆಗೋಲುಗಳು ಆ ತೀರ್ಪಿನಿಂದ ಬಂದವು. ಪಕ್ಷಕ್ಕೆ ಬೆಂಬಲ ಎಂಬುದೊಂದೇ ಇದರೊಳಗೆ ಬರುವುದಿಲ್ಲ. ಸಮಾಜವಾದ, ಮುಕ್ತ ಮಾರುಕಟ್ಟೆ ಮುಂತಾದ ರಾಜಕೀಯ ತತ್ವದಲ್ಲಿನ ನಂಬಿಕೆ ಬರಬಹುದು ಎಂದು ಅದೇ ತೀರ್ಪು ಸೂಚಿಸಿತು.

ಉತ್ತರ ಐರ್ಲೆಂಡ್ ಮಾತ್ರ 1976ರಿಂದಲೇ ಉದ್ಯೋಗದಲ್ಲಿ ರಾಜಕೀಯ ಅಭಿಪ್ರಾಯದ ತಾರತಮ್ಯವನ್ನು ನೇರವಾಗಿ ನಿಷೇಧಿಸಿದೆ. ಅಲ್ಲಿ ಒಬ್ಬನ ರಾಜಕೀಯ ತಿಳಿದರೆ ಅವನು ಕ್ಯಾಥೊಲಿಕ್ಕೋ ಪ್ರಾಟೆಸ್ಟೆಂಟೋ ಎಂದು ಊಹಿಸಬಹುದಿತ್ತು. ಧರ್ಮದ ಬಾಗಿಲು ಮುಚ್ಚಿ ರಾಜಕೀಯದ ಬಾಗಿಲು ತೆರೆದಿಟ್ಟರೆ ತಾರತಮ್ಯ ಅಲ್ಲಿಂದ ಒಳಗೆ ಬರುತ್ತದೆ ಎಂಬುದನ್ನು ರಕ್ತ ಹರಿದ ನೆಲ ಬೇಗ ಕಲಿಯಿತು. ರಾಜಕೀಯ ಉದ್ದೇಶಕ್ಕೆ ಹಿಂಸೆ ಸರಿ ಎನ್ನುವ ಅಭಿಪ್ರಾಯಕ್ಕೆ ಮಾತ್ರ ಅಲ್ಲಿ ರಕ್ಷಣೆ ಇಲ್ಲ.

ಉಳಿದ ದೇಶಗಳು

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1958ರ 111ನೇ ಒಡಂಬಡಿಕೆ ಉದ್ಯೋಗದಲ್ಲಿನ ತಾರತಮ್ಯವನ್ನು ವ್ಯಾಖ್ಯಾನಿಸುವಾಗಲೇ ರಾಜಕೀಯ ಅಭಿಪ್ರಾಯವನ್ನು ಜನಾಂಗ, ಧರ್ಮ, ಲಿಂಗಗಳ ಸಾಲಿನಲ್ಲಿ ಇಟ್ಟಿದೆ. ಅಮೆರಿಕ ಇದನ್ನು ಅನುಮೋದಿಸಿಲ್ಲ. ಫ್ರಾನ್ಸ್, ನೆದರ್ಲೆಂಡ್ಸ್, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ದೇಶಗಳ ಕಾನೂನುಗಳು ಖಾಸಗಿ ಉದ್ಯೋಗದಲ್ಲೂ ರಾಜಕೀಯ ಅಭಿಪ್ರಾಯದ ತಾರತಮ್ಯವನ್ನು ಹೆಸರಿಸಿ ತಡೆಯುತ್ತವೆ. ನನ್ನ ಮೆಚ್ಚುಗೆ ಇಟಲಿಗೆ. 1970ರ ಮೇ 20ರಂದು ಬಂದ ಅಲ್ಲಿನ ಕಾರ್ಮಿಕರ ಕಾಯ್ದೆಯ 8ನೇ ವಿಧಿ ತಾರತಮ್ಯ ನಡೆಯುವವರೆಗೆ ಕಾಯುವುದಿಲ್ಲ. ನೇಮಕಾತಿಯ ಹೊತ್ತಿನಲ್ಲಾಗಲಿ ನಂತರವಾಗಲಿ, ನೌಕರನ ರಾಜಕೀಯ, ಧಾರ್ಮಿಕ, ಕಾರ್ಮಿಕ ಸಂಘದ ಅಭಿಪ್ರಾಯಗಳನ್ನು ವಿಚಾರಿಸುವುದನ್ನೇ, ಬೇರೆಯವರ ಮೂಲಕ ವಿಚಾರಿಸುವುದನ್ನೂ ಅದು ನಿಷೇಧಿಸುತ್ತದೆ. ತಿಳಿಯದ ವಿಷಯಕ್ಕೆ ಶಿಕ್ಷೆ ಕೊಡಲಾಗದು. ಮತಗಟ್ಟೆಯ ಮರೆಯ ಹಿಂದಿದ್ದ ತರ್ಕವೂ ಇದೇ.

ಯುರೋಪಿಯನ್ ಒಕ್ಕೂಟದ ದತ್ತಾಂಶ ರಕ್ಷಣಾ ನಿಯಮ 2018ರಿಂದ ಜಾರಿಯಲ್ಲಿದೆ. ಅದು ರಾಜಕೀಯ ಅಭಿಪ್ರಾಯವನ್ನು ಆರೋಗ್ಯದ ಮಾಹಿತಿಯಂತೆ ವಿಶೇಷ ರಕ್ಷಣೆಯ ವರ್ಗಕ್ಕೆ ಸೇರಿಸಿದೆ. ಅದರ ವಿನಾಯಿತಿಗಳಲ್ಲೊಂದು ಮಾತ್ರ ಯೋಚನೆಗೆ ಹಚ್ಚುತ್ತದೆ: ವ್ಯಕ್ತಿ ತಾನೇ ಸ್ಪಷ್ಟವಾಗಿ ಬಹಿರಂಗ ಮಾಡಿದ ಮಾಹಿತಿಗೆ ಆ ನಿಷೇಧ ಅನ್ವಯಿಸುವುದಿಲ್ಲ.

ಭಾರತ 111ನೇ ಒಡಂಬಡಿಕೆಯನ್ನು 1960ರಲ್ಲೇ ಅನುಮೋದಿಸಿದೆ. ಹಾಗಿದ್ದೂ ಖಾಸಗಿ ಮಾಲೀಕನ ರಾಜಕೀಯ ತಾರತಮ್ಯವನ್ನು ಹೆಸರಿಸಿ ನಿಷೇಧಿಸುವ ಸಾಮಾನ್ಯ ಕಾಯ್ದೆ ನಮ್ಮಲ್ಲಿಲ್ಲ. ಸಂವಿಧಾನದ 16ನೇ ವಿಧಿ ಸರ್ಕಾರಿ ಹುದ್ದೆಗಳ ಬಗ್ಗೆ ಮಾತಾಡುತ್ತದೆ, 19ನೇ ವಿಧಿಯ ವಾಕ್ ಸ್ವಾತಂತ್ರ್ಯವೂ ಮೂಲತಃ ಪ್ರಭುತ್ವದ ವಿರುದ್ಧದ ಹಕ್ಕು. ಹಿಂದೆ ಒಂದು ಸಂಘಟನೆಯ ಮತ್ತು ಪಕ್ಷದ ಚಟುವಟಿಕೆಯಲ್ಲಿ ಭಾಗವಹಿಸಿದ್ದರೆಂಬ ಪೊಲೀಸ್ ವರದಿಯ ಮೇಲೆ ಮಧ್ಯಪ್ರದೇಶದ ಶಿಕ್ಷಕರೊಬ್ಬರನ್ನು ಕೆಲಸದಿಂದ ತೆಗೆದಾಗ, 1983ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಆದರೆ ಅಲ್ಲಿ ಉದ್ಯೋಗದಾತ ಸರ್ಕಾರವೇ ಆಗಿತ್ತು. 2023ರ ಜನವರಿಯಲ್ಲಿ ಸಂವಿಧಾನ ಪೀಠವೊಂದು 19 ಮತ್ತು 21ನೇ ವಿಧಿಗಳ ಹಕ್ಕುಗಳನ್ನು ಸರ್ಕಾರೇತರ ವ್ಯಕ್ತಿಗಳ ವಿರುದ್ಧವೂ ಜಾರಿಗೊಳಿಸಬಹುದು ಎಂದು ಬಹುಮತದಿಂದ ಹೇಳಿತು. ಖಾಸಗಿ ನೌಕರನ ವಜಾಕ್ಕೆ ಇದನ್ನು ಅನ್ವಯಿಸುವ ವಾದಕ್ಕೆ ಇಲ್ಲಿಂದ ಒಂದು ಎಳೆ ಸಿಗುತ್ತದೆ.

ಇವತ್ತಿನ ಮಟ್ಟಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಕಾರ್ಮಿಕ ಕಾನೂನು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಐದನೇ ಅನುಸೂಚಿ ಹಗೆ ಸಾಧಿಸಲು ಮಾಡಿದ ವಜಾ, ಮೇಲ್ನೋಟಕ್ಕೇ ಸುಳ್ಳಾದ ಕಾರಣ ಕೊಟ್ಟು ಮಾಡಿದ ವಜಾ ಮುಂತಾದವನ್ನು ಅನುಚಿತ ಕಾರ್ಮಿಕ ಪದ್ಧತಿ ಎಂದು ಪಟ್ಟಿ ಮಾಡಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಅಂಥ ಪಟ್ಟಿಯಿದೆ. ರಾಜಕೀಯ ಎಂಬ ಪದ ಇಲ್ಲದಿದ್ದರೂ, ನಿಜವಾದ ಕಾರಣವನ್ನು ಮುಚ್ಚಿಟ್ಟು ನಕಲಿ ಕಾರಣ ತೋರಿಸಿದ ಮಾಲೀಕನನ್ನು ಈ ದಾರಿಯಲ್ಲಿ ಪ್ರಶ್ನಿಸಬಹುದು. ಆದರೆ ಇದು ಕಾನೂನಿನ ಅರ್ಥದಲ್ಲಿ ‘ಕಾರ್ಮಿಕ’ರಾದವರಿಗೆ ಮಾತ್ರ. ವ್ಯವಸ್ಥಾಪಕ ಹುದ್ದೆಯಲ್ಲಿರುವವರಿಗೆ ಉಳಿಯುವುದು ನೇಮಕಾತಿ ಒಪ್ಪಂದ. ಅದರ ಆಧಾರದ ಮೇಲೆ ಗೆದ್ದರೂ ಸಾಮಾನ್ಯವಾಗಿ ಪರಿಹಾರದ ಹಣ ಸಿಗುತ್ತದೆ, ಕೆಲಸ ಮರಳಿ ಸಿಗುವುದಿಲ್ಲ.

ಮಾಲೀಕನಿಗೂ ನ್ಯಾಯವಾದ ಮಾತಿದೆ

ಎಲ್ಲ ಶಿಸ್ತುಕ್ರಮವನ್ನೂ ತಾರತಮ್ಯ ಎಂದರೆ ಆ ಪದವೇ ಸವೆದುಹೋಗುತ್ತದೆ. ಪಕ್ಷದ ಕಚೇರಿಗೆ ಎದುರಾಳಿ ಪಕ್ಷದ ವಕ್ತಾರನನ್ನು ನೇಮಿಸಿಕೊಳ್ಳಿ ಎಂದು ಯಾರೂ ಒತ್ತಾಯಿಸಲಾಗದು. ಪತ್ರಿಕೆಗಳದ್ದೂ ಸೂಕ್ಷ್ಮ ಸ್ಥಿತಿ. ವಾಷಿಂಗ್ಟನ್ ರಾಜ್ಯದ ಒಂದು ದಿನಪತ್ರಿಕೆ ತನ್ನ ವರದಿಗಾರ್ತಿಯನ್ನು ಆಕೆಯ ಬಹಿರಂಗ ಹೋರಾಟಗಳ ಕಾರಣಕ್ಕೆ ವರದಿಗಾರಿಕೆಯಿಂದ ಪ್ರತಿ ತಿದ್ದುವ ಮೇಜಿಗೆ ಹಾಕಿತು. ರಾಜ್ಯದ ಕಾನೂನು ಆಕೆಯ ಪರವಾಗಿದ್ದರೂ, ನಿಷ್ಪಕ್ಷಪಾತಿ ಎಂದು ಓದುಗರಿಗೆ ತೋರಿಸಿಕೊಳ್ಳುವುದು ಪತ್ರಿಕೆಯ ಸ್ವಂತ ವಾಕ್ ಸ್ವಾತಂತ್ರ್ಯಕ್ಕೆ ಸೇರಿದ್ದು ಎಂದು 1997ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಪೀಠ ತೀರ್ಮಾನಿಸಿತು.

ಸಹೋದ್ಯೋಗಿಯ ಜಾತಿಯನ್ನೋ ಧರ್ಮವನ್ನೋ ಹೀಯಾಳಿಸಿ, ಅದು ನನ್ನ ರಾಜಕೀಯ ಎಂದವನಿಗೆ ರಕ್ಷಣೆ ಸಿಗಬಾರದು. ಕೆಲಸದ ಹೊತ್ತಿನಲ್ಲಿ ಕೆಲಸ ಬಿಟ್ಟು ಪ್ರಚಾರ ಮಾಡುವುದು, ಸಂಸ್ಥೆಯ ಹೆಸರಿನಲ್ಲಿ ತನ್ನ ನಿಲುವು ಪ್ರಕಟಿಸುವುದು, ಗ್ರಾಹಕನ ಪಕ್ಷ ನೋಡಿ ಸೇವೆ ನಿರಾಕರಿಸುವುದು, ಇವೆಲ್ಲ ನಡವಳಿಕೆಯ ಪ್ರಶ್ನೆಗಳು. ಕಷ್ಟವಿರುವುದು ‘ಸಂಸ್ಥೆಯ ಹೆಸರು ಕೆಡುತ್ತದೆ’ ಎಂಬ ವಾದದಲ್ಲಿ. ಕೆಲವೊಮ್ಮೆ ಅದು ನಿಜ. ಆದರೆ ಅದನ್ನು ಪರೀಕ್ಷೆಯಿಲ್ಲದೆ ಒಪ್ಪಿದರೆ, ನೌಕರನ ಭವಿಷ್ಯವನ್ನು ಯಾರು ಹೆಚ್ಚು ಗದ್ದಲ ಎಬ್ಬಿಸುತ್ತಾರೋ ಅವರ ಕೈಗೆ ಕೊಟ್ಟಂತಾಗುತ್ತದೆ. ನೂರು ಮಂದಿ ಒಂದು ರಾತ್ರಿ ಸಂಸ್ಥೆಯ ಖಾತೆಗೆ ಬೈಗುಳ ಬರೆದರೆ ಬೆಳಿಗ್ಗೆ ಒಬ್ಬರ ಕೆಲಸ ಹೋಗಬಹುದು. ಮಾಲೀಕ ಸಂಬಳ ಕೊಟ್ಟು ಕೊಂಡಿರುವುದು ದುಡಿಮೆಯನ್ನು ಮತ್ತು ದುಡಿಮೆಗೆ ಬೇಕಾದ ಶಿಸ್ತನ್ನು. ಹಾನಿ ಆಯಿತು ಎನ್ನುವವನು ಯಾವ ಹಾನಿ, ಯಾರಿಗೆ, ಅದಕ್ಕೆ ವಜಾಕ್ಕಿಂತ ಸಣ್ಣ ಕ್ರಮ ಸಾಲದೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾಣದಂತೆ ನಡೆಯುವ ತಾರತಮ್ಯ

ವಜಾ ಪತ್ರದಲ್ಲಿ ‘ನಿಮ್ಮ ಪಕ್ಷ ನಮಗೆ ಹಿಡಿಸಲಿಲ್ಲ’ ಎಂದು ಯಾರೂ ಬರೆಯುವುದಿಲ್ಲ. ನಮ್ಮ ತಂಡಕ್ಕೆ ಹೊಂದುವುದಿಲ್ಲ ಎನ್ನುತ್ತಾರೆ. ಐದು ವರ್ಷ ಒಳ್ಳೆಯ ಮೌಲ್ಯಮಾಪನ ಪಡೆದವರಿಗೆ ಆರನೆಯ ವರ್ಷ ಇದ್ದಕ್ಕಿದ್ದಂತೆ ಕಡಿಮೆ ಅಂಕ ಬೀಳುತ್ತದೆ. ಬಡ್ತಿಯ ಪಟ್ಟಿಯಿಂದ ಹೆಸರು ಮಾಯವಾಗುತ್ತದೆ. ದೂರದ ಶಾಖೆಗೆ ವರ್ಗವಾಗುತ್ತದೆ. ನೇಮಕಾತಿಯಲ್ಲಂತೂ ಸುಳಿವೂ ಸಿಗುವುದಿಲ್ಲ, ಏಕೆಂದರೆ ಸಂದರ್ಶನಕ್ಕೆ ಕರೆ ಬಾರದವನಿಗೆ ಕರೆ ಏಕೆ ಬರಲಿಲ್ಲವೆಂದು ತಿಳಿಯುವ ದಾರಿಯೇ ಇಲ್ಲ. ಅಮೆರಿಕದ ಎರಡು ಕೌಂಟಿಗಳಲ್ಲಿ, ಒಂದು ಡೆಮಾಕ್ರಾಟರ ಪ್ರಾಬಲ್ಯದ್ದು, ಇನ್ನೊಂದು ರಿಪಬ್ಲಿಕನ್ನರದು, ಸಂಶೋಧಕರು 1,200 ಕಾಲ್ಪನಿಕ ಅರ್ಜಿಗಳನ್ನು ಕಳಿಸಿ ಪರೀಕ್ಷಿಸಿದರು. ಕೆಲವು ಅರ್ಜಿಗಳಲ್ಲಿ ಅಭ್ಯರ್ಥಿಯ ಪಕ್ಷದ ಸುಳಿವು ಇತ್ತು. ಆ ಊರಿನಲ್ಲಿ ಅಲ್ಪಸಂಖ್ಯಾತವಾಗಿದ್ದ ಪಕ್ಷದ ಸುಳಿವು ಕೊಟ್ಟ ಅರ್ಜಿಗಳಿಗೆ, ಪಕ್ಷದ ಸುಳಿವೇ ಇಲ್ಲದ ಅರ್ಜಿಗಳಿಗಿಂತ ಕಡಿಮೆ ಕರೆಗಳು ಬಂದವು. 2015ರಲ್ಲಿ ಪ್ರಕಟವಾದ ಆ ಫಲಿತಾಂಶ ನನ್ನನ್ನು ಕಾಡುವುದು ಇದಕ್ಕೆ: ಅರ್ಜಿಯನ್ನು ಪಕ್ಕಕ್ಕಿಟ್ಟ ಆ ನೂರಾರು ಮಂದಿಯಲ್ಲಿ ತಾನು ತಾರತಮ್ಯ ಮಾಡಿದೆ ಎಂದು ಎಷ್ಟು ಮಂದಿಗೆ ಅನ್ನಿಸಿದ್ದೀತು?

ಹಾಗಾಗಿ ಸಾಕ್ಷ್ಯವೆಂದರೆ ಬಹುಪಾಲು ಕಾಲ ಮತ್ತು ಹೋಲಿಕೆ. ನಿಮ್ಮ ನಿಲುವು ಮೇಲಿನವರಿಗೆ ಗೊತ್ತಾದದ್ದು ಯಾವಾಗ, ನಿಮ್ಮ ಮೇಲೆ ಕ್ರಮ ಶುರುವಾದದ್ದು ಯಾವಾಗ? ಬೇರೆ ಪಕ್ಷದ ಪರವಾಗಿ ಅಷ್ಟೇ ಜೋರಾಗಿ ಬರೆದ ಸಹೋದ್ಯೋಗಿಗೆ ಏನಾಯಿತು? ಒಂದು ಬಾವುಟಕ್ಕೆ ಅನುಮತಿ ಕೊಟ್ಟು ಇನ್ನೊಂದು ಬಾವುಟಕ್ಕೆ ನೋಟಿಸ್ ಕೊಟ್ಟಿದ್ದರೆ, ನಿಯಮ ಕಾಗದದ ಮೇಲೆ ಎಷ್ಟೇ ತಟಸ್ಥವಾಗಿದ್ದರೂ ಅದನ್ನು ಬಳಸಿದ ಕೈ ತಟಸ್ಥವಲ್ಲ. ಇಂಥ ಸಂದರ್ಭದಲ್ಲಿರುವವರು ದಿನಾಂಕ ಸಹಿತ ಟಿಪ್ಪಣಿ ಇಡಬೇಕು. ಹಳೆಯ ಮೌಲ್ಯಮಾಪನ ಪತ್ರಗಳನ್ನು, ಮೆಚ್ಚುಗೆಯ ಇಮೇಲ್‌ಗಳನ್ನು ನಿಯಮ ಮೀರದಂತೆ ಉಳಿಸಿಕೊಳ್ಳಬೇಕು. ನೇಮಕಾತಿ ಪತ್ರವನ್ನೂ ಸಾಮಾಜಿಕ ಜಾಲತಾಣದ ನಿಯಮಾವಳಿಯನ್ನೂ ಪೂರ್ತಿ ಓದಬೇಕು. ಮಾತಿನಲ್ಲಿ ಹೇಳಿದ ಕಾರಣವನ್ನು ಲಿಖಿತವಾಗಿ ಕೊಡಿ ಎಂದು ಕೇಳಬೇಕು. ಒತ್ತಡಕ್ಕೆ ಸಿಕ್ಕಿ ರಾಜೀನಾಮೆಗೆ ಸಹಿ ಹಾಕುವ ಮೊದಲು ಒಬ್ಬ ವಕೀಲರನ್ನೋ ಕಾರ್ಮಿಕ ಸಂಘವನ್ನೋ ಕಾಣಬೇಕು. ರಾಜೀನಾಮೆ ಕೊಟ್ಟವನು ತನ್ನನ್ನು ವಜಾ ಮಾಡಿದರು ಎಂದು ಸಾಧಿಸುವುದು ಬಹಳ ಕಠಿಣ. ಹಲವು ದೇಶಗಳಲ್ಲಿ ದೂರು ಕೊಡುವ ಗಡುವು ಕೆಲವೇ ತಿಂಗಳು.

ಎಲ್ಲಿ ಸಾಧ್ಯವೋ ಅಲ್ಲಿ ನಿಮ್ಮ ಬಗ್ಗೆ ಸಂಸ್ಥೆ ಇಟ್ಟುಕೊಂಡಿರುವ ಮಾಹಿತಿಯ ಪ್ರತಿಯನ್ನೂ ಕೇಳಬೇಕು. ಅದರ ಬೆಲೆ ಏನೆಂದು ಬ್ರಿಟನ್ನಿನ ಕಟ್ಟಡ ಕಾರ್ಮಿಕರಿಗೆ ಗೊತ್ತು. 2009ರಲ್ಲಿ ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ ಒಂದು ಸಣ್ಣ ಸಂಸ್ಥೆಯ ಮೇಲೆ ದಾಳಿ ಮಾಡಿದಾಗ 3,213 ಹೆಸರುಗಳಿದ್ದ ಗುಪ್ತ ಕಡತ ಸಿಕ್ಕಿತು. ನಲವತ್ತಕ್ಕೂ ಹೆಚ್ಚು ನಿರ್ಮಾಣ ಕಂಪನಿಗಳು ಹಣ ಕೊಟ್ಟು, ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಈ ಕಡತದಲ್ಲಿ ಹೆಸರು ಹುಡುಕಿಸುತ್ತಿದ್ದವು. ಕಾರ್ಮಿಕ ಸಂಘದಲ್ಲಿ ದುಡಿದದ್ದು, ಸುರಕ್ಷತೆಯ ಬಗ್ಗೆ ದೂರು ಕೊಟ್ಟದ್ದು, ರಾಜಕೀಯ ಒಲವು ಎಲ್ಲವೂ ಅದರಲ್ಲಿ ದಾಖಲಾಗಿದ್ದವು. ಅದನ್ನು ನಡೆಸುತ್ತಿದ್ದವನಿಗೆ ಬಿದ್ದ ದಂಡ 5,000 ಪೌಂಡ್. ದಾಳಿಯ ಬಳಿಕ ಕಾರ್ಮಿಕರು ಆಯುಕ್ತರ ಕಚೇರಿಗೆ ಕೇಳಿ ತಮ್ಮ ಹೆಸರಿನ ಕಡತವನ್ನು ತರಿಸಿಕೊಂಡರು. ವರ್ಷಗಟ್ಟಲೆ ಕೆಲಸ ಏಕೆ ಸಿಗುತ್ತಿಲ್ಲ ಎಂದು ತಮ್ಮನ್ನೇ ದೂರಿಕೊಂಡಿದ್ದವರು ಉತ್ತರವನ್ನು ಬೇರೊಬ್ಬರ ಬರವಣಿಗೆಯಲ್ಲಿ ಓದಿದರು. ಅವರಲ್ಲಿ ನೂರಾರು ಮಂದಿ ಹೂಡಿದ ದಾವೆಗಳಲ್ಲಿ ಕಂಪನಿಗಳು ಕ್ಷಮೆ ಕೇಳಿ ಪರಿಹಾರ ಕೊಟ್ಟು ರಾಜಿ ಮಾಡಿಕೊಂಡದ್ದು 2016ರಲ್ಲಿ.